ಯಂತ್ರದ ನುಡಿ, ಶರಣರ ನುಡಿ

ಹಂಪಿಯ ವಿರೂಪಾಕ್ಷ ದೇವಾಲಯಕ್ಕೆ ಬಂದ ಯಾತ್ರಿಕರನ್ನು ಅಲ್ಲಿಯವರು ಗರ್ಭಗುಡಿಯ ಹಿಂಬದಿಯ ಒಂದು ಕತ್ತಲೆಯ ತಾಣಕ್ಕೆ ಕರೆದೊಯ್ಯುವುದುಂಟು. ಪೂರ್ವದಿಕ್ಕಿನ ಬಿಷ್ಟಪ್ಪಯ್ಯ ಗೋಪುರದ ನೆರಳು ಅಲ್ಲಿಯ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿರುತ್ತದೆ. ಕಳಸ ಕೆಳಗೆ, ಬಾಗಿಲು ಮೇಲೆ. ಮೊದಲ ಸಲ ಕಂಡವರು ಬೆರಗಾಗಿ ಕೈ ಮುಗಿಯುತ್ತಾರೆ. ಮಕ್ಕಳಾದರೋ ಅಂಜಿ ಹಿಂದೆ ಸರಿಯುತ್ತಾರೆ. ಎದುರಿನ ಗೋಡೆಯಲ್ಲಿರುವ ಸಣ್ಣ ಕಿಂಡಿಗೆ ಅಂಗೈ ಅಡ್ಡ ಹಿಡಿದರೆ ಗೋಪುರ ಮಾಯವಾಗುತ್ತದೆ, ತೆಗೆದರೆ ಮತ್ತೆ ಮೂಡುತ್ತದೆ. ಬೆಳಕು ನೇರವಾಗಿ ಚಲಿಸುವುದರಿಂದ ಗೋಪುರದ ತುದಿಯಿಂದ ಬಂದ ಕಿರಣ ಕಿಂಡಿಯನ್ನು ಹಾಯ್ದು ಗೋಡೆಯ ಕೆಳಭಾಗಕ್ಕೂ, ಬುಡದಿಂದ ಬಂದ ಕಿರಣ ಮೇಲ್ಭಾಗಕ್ಕೂ ಬೀಳುತ್ತದೆ. ಇಷ್ಟನ್ನು ತಿಳಿದ ಮೇಲೆ ಮಗುವಿನ ಅಂಜಿಕೆ ಹೋಗುತ್ತದೆ. ಕಟ್ಟಿದವರ ಮೇಲಿನ ಗೌರವವೇನೂ ಕಡಿಮೆಯಾಗುವುದಿಲ್ಲ.

ಇಂದು ಎಲ್ಲೆಡೆ ಮಾತಿಗೆ ವಸ್ತುವಾಗಿರುವ ಕೃತಕ ಬುದ್ಧಿಮತ್ತೆಯನ್ನು ಕುರಿತು ಭಕ್ತಜನರಲ್ಲಿಯೂ ಸಾಹಿತ್ಯದ ವಿದ್ಯಾರ್ಥಿಗಳಲ್ಲಿಯೂ ಇದೇ ಬಗೆಯ ಅಂಜಿಕೆ ನೆಲೆಸಿದೆ. ಹೊಸಪೇಟೆಯ ಕಾಲೇಜಿನ ಹುಡುಗ ಮೊಬೈಲಿನಲ್ಲಿ ಒಂದು ಪ್ರಶ್ನೆ ಬರೆದರೆ ಕ್ಷಣಾರ್ಧದಲ್ಲಿ ಒಂದು ಪುಟದ ಉತ್ತರ ಕನ್ನಡದಲ್ಲಿಯೇ ಬರುತ್ತದೆ. ಷಟ್‌ಸ್ಥಲವೆಂದರೇನು ಎಂದು ಕೇಳಿದರೂ ಹೇಳುತ್ತದೆ. ಸಂಡೂರಿನ ಅದಿರಿನ ಬಗೆಗೆ ಕೇಳಿದರೂ ಹೇಳುತ್ತದೆ. ಇದನ್ನು ಕಂಡ ಹಿರಿಯರು, "ಇದಕ್ಕೆ ಎಲ್ಲವೂ ತಿಳಿದಿದೆ, ನಾಳೆ ಗುರುವಿನ ಪೀಠದಲ್ಲಿಯೂ ಇದೇ ಕೂರುತ್ತದೆ" ಎನ್ನುತ್ತಾರೆ. ವಿದ್ಯಾರ್ಥಿಗಳಿಗೆ ತಾವು ಓದಿದ್ದು ವ್ಯರ್ಥವಾದೀತೆಂಬ ಚಿಂತೆ. ಮನುಷ್ಯರನ್ನೇ ಮೀರಿ ಆಳುವ ಒಂದು ಜೀವಿ ಹುಟ್ಟಿಬಿಟ್ಟಿತೆಂದು ನಂಬಿದವರೂ ಇದ್ದಾರೆ. ಈ ಭಯಗಳಲ್ಲಿ ಕೆಲವು ಸಲ್ಲುವಂಥವು, ಕೆಲವು ಸಲ್ಲದವು. ಯಾವುದು ಯಾವುದೆಂದು ಬೇರ್ಪಡಿಸಲು ಆ ಯಂತ್ರ ನಡೆಯುವ ಬಗೆಯನ್ನು ಅರಿಯುವುದೊಂದೇ ದಾರಿ. ಅದನ್ನು ಅರಿಯಲು ಗಣಿತದಲ್ಲಿ ಪಾಂಡಿತ್ಯ ಬೇಕಾಗಿಲ್ಲ. ವಚನಗಳನ್ನು ಓದಿದ ಅಭ್ಯಾಸವಿದ್ದರೆ ಬಹುಮಟ್ಟಿಗೆ ಸಾಕು.

ವಚನಾಭ್ಯಾಸಿಗಳ ಒಂದು ಗೋಷ್ಠಿಯನ್ನು ಭಾವಿಸಿಕೊಳ್ಳೋಣ. ಓದುವವರು ವಚನದ ಕೊನೆಗೆ ಬಂದು 'ಕೂಡಲ' ಎಂದು ನಿಲ್ಲಿಸಿದರೆ ಕೇಳುಗರೆಲ್ಲರೂ 'ಸಂಗಮದೇವಾ' ಎಂದು ಮುಗಿಸುತ್ತಾರೆ. ವಚನವು ಚೆನ್ನಬಸವಣ್ಣನವರದೆಂದು ಮೊದಲೇ ತಿಳಿದಿದ್ದರೆ 'ಚೆನ್ನಸಂಗಮದೇವಾ' ಎನ್ನುತ್ತಾರೆ. ಶೂನ್ಯ, ಬಯಲು, ಬೆಡಗು ಇವುಗಳ ಮಾತು ನಡೆದಿದ್ದರೆ ಅವರ ಮನಸ್ಸು 'ಗುಹೇಶ್ವರಾ' ಎಂಬುದಕ್ಕೆ ಸಿದ್ಧವಾಗಿರುತ್ತದೆ. ಹಿಂದೆ ಬಂದ ಮಾತುಗಳಿಂದ ಮುಂದಿನ ಮಾತನ್ನು ಊಹಿಸುವ ಈ ಶಕ್ತಿ ಅವರಿಗೆ ಬಂದುದು ನೂರಾರು ವಚನಗಳನ್ನು ಕೇಳಿ ಕೇಳಿ. ಇಂದಿನ ಮಾತನಾಡುವ ಯಂತ್ರಗಳ ಮೂಲ ಕಾರ್ಯವೂ ಇಷ್ಟೇ. ತನ್ನ ಮುಂದಿರುವ ಪದಗಳನ್ನು ಆಧರಿಸಿ, ಮುಂದೆ ಬರಬಹುದಾದ ಪದಗಳಿಗೆಲ್ಲ ಇಂತಿಷ್ಟು ಸಂಭವವೆಂದು ಅದು ಲೆಕ್ಕ ಹಾಕುತ್ತದೆ. ಅವುಗಳಲ್ಲೊಂದನ್ನು ಆರಿಸಿ ಬರೆಯುತ್ತದೆ. ಬರೆದುದನ್ನೂ ಸೇರಿಸಿಕೊಂಡು ಮತ್ತೆ ಮುಂದಿನದನ್ನು ಲೆಕ್ಕ ಹಾಕುತ್ತದೆ. ಪುಟಗಟ್ಟಲೆ ಉತ್ತರವಾದರೂ ಹುಟ್ಟುವುದು ಹೀಗೆಯೇ, ಒಂದೊಂದೇ ತುಣುಕಾಗಿ.

ತುಣುಕು ಎಂದೇಕೆ ಹೇಳಬೇಕಾಯಿತೆಂದರೆ, ಯಂತ್ರವು ನಮ್ಮಂತೆ ಅಕ್ಷರವನ್ನಾಗಲಿ ಪದವನ್ನಾಗಲಿ ಕಾಣುವುದಿಲ್ಲ. 'ಕೂಡಲಸಂಗಮದೇವಾ' ಎಂಬಲ್ಲಿ ಓದುಗರಿಗೆ ಕಾಣುವುದು ಎಂಟು ಅಕ್ಷರ. ಗಣಕಯಂತ್ರದ ಯೂನಿಕೋಡ್ ಸಂಕೇತದಲ್ಲಿ ಒತ್ತು, ಗುಣಿತ, ಅನುಸ್ವಾರಗಳು ಬೇರೆ ಬೇರೆಯಾಗಿ ಎಣಿಕೆಗೆ ಬರುವುದರಿಂದ ಅದು ಹನ್ನೆರಡು ಚಿಹ್ನೆಗಳಾಗುತ್ತದೆ. ಒಂದೊಂದು ಚಿಹ್ನೆಗೂ ಸಾಮಾನ್ಯವಾಗಿ ಮೂರು ಬೈಟುಗಳ ಸ್ಥಳ ಬೇಕು. ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಸಾಕು. ಯಂತ್ರಕ್ಕೆ ಕಲಿಯಲು ಕೊಟ್ಟ ಬರಹದಲ್ಲಿಯೂ ಇಂಗ್ಲಿಷಿನದೇ ಸಿಂಹಪಾಲು; ಕನ್ನಡದ್ದು ಅತ್ಯಲ್ಪ; ಅದರಲ್ಲಿ ವಚನಗಳ ಪಾಲು ಇನ್ನೂ ಅಲ್ಪ. ಆದುದರಿಂದ ಕನ್ನಡ ಪದಗಳು ಅದರ ಕೈಯಲ್ಲಿ ಚೂರು ಚೂರಾಗಿ ಹೋಗುವುದೂ, ಕನ್ನಡದಲ್ಲಿ ಅದು ಎಡವುವುದೂ ಹೆಚ್ಚು.

ಪದಗಳನ್ನು ಎಣಿಸುವ ಈ ವಿದ್ಯೆ ಹೊಸದೇನೂ ಅಲ್ಲ. 1913ರಲ್ಲಿಯೇ ರಷ್ಯಾದ ಗಣಿತಜ್ಞ ಮಾರ್ಕೋವ್, ಪುಷ್ಕಿನ್ ಕವಿಯ ಪದ್ಯಕಾದಂಬರಿಯೊಂದರ 20,000 ಅಕ್ಷರಗಳನ್ನು ತೆಗೆದುಕೊಂಡು, ಸ್ವರದ ಮುಂದೆ ವ್ಯಂಜನ ಎಷ್ಟು ಸಲ, ವ್ಯಂಜನದ ಮುಂದೆ ಸ್ವರ ಎಷ್ಟು ಸಲ ಬರುತ್ತದೆಂದು ಕೈಯಿಂದಲೇ ಎಣಿಸಿದ್ದನು. ಕಾವ್ಯದ ಓದುಗರು ಅಂದು ಅದನ್ನು ಒಣ ಕೆಲಸವೆಂದು ತಿಳಿದಿರಬಹುದು. 'ಕೃತಕ ಬುದ್ಧಿಮತ್ತೆ' ಎಂಬ ಅರ್ಥದ ಹೆಸರು ಬಂದುದು 1955ರಲ್ಲಿ, ಅಮೆರಿಕೆಯ ವಿದ್ವಾಂಸರು ಮರುವರ್ಷದ ಬೇಸಗೆಯ ಗೋಷ್ಠಿಯೊಂದಕ್ಕೆ ಬರೆದ ಪ್ರಸ್ತಾವದಲ್ಲಿ. ಹೆಸರು ದೊಡ್ಡದಾಯಿತು, ಜನರ ಅಂಜಿಕೆಯಲ್ಲಿ ಒಂದು ಪಾಲು ಆ ಹೆಸರಿನಿಂದಲೇ ಬಂದದ್ದೆಂದರೆ ತಪ್ಪಾಗಲಾರದು. 'ಪದಗಣನೆಯ ಯಂತ್ರ' ಎಂದು ಹೆಸರಿಟ್ಟಿದ್ದರೆ ಯಾರೂ ಇಷ್ಟು ಹೆದರುತ್ತಿರಲಿಲ್ಲ.

ಆದರೆ ಬರಿಯ ಎಣಿಕೆಯಿಂದ ಇಷ್ಟು ಸೊಗಸಾದ ಉತ್ತರ ಹೇಗೆ ಬಂದೀತೆಂಬ ಸಂದೇಹ ನ್ಯಾಯವಾದುದು. ಇದಕ್ಕೆ ಹೊಸಪೇಟೆ, ಹಂಪಿ, ಕಂಪ್ಲಿಗಳ ಬಯಲಿನಲ್ಲಿ ಇಂದಿಗೂ ಹರಿಯುತ್ತಿರುವ ವಿಜಯನಗರ ಕಾಲದ ಕಾಲುವೆಗಳನ್ನು ನೆನೆಯಬಹುದು. ಹೊಳೆಯ ನೀರು ಹಿರಿಯ ಕಾಲುವೆಗೆ ಬಂದು, ಅಲ್ಲಿಂದ ಕಿರುಗಾಲುವೆಗಳಿಗೆ ಕವಲೊಡೆದು, ಒಂದೊಂದು ಕವಲಿನ ತೂಬಿನಲ್ಲಿ ಇಷ್ಟಿಷ್ಟೇ ಹಾಯ್ದು, ಕಡೆಗೆ ಯಾವುದೋ ಗದ್ದೆಯನ್ನೋ ಬಾಳೆಯ ತೋಟವನ್ನೋ ಸೇರುತ್ತದೆ. ಯಾವ ತೂಬು ಎಷ್ಟು ತೆರೆದಿದೆ ಎಂಬುದರ ಮೇಲೆ ನೀರು ಎಲ್ಲಿ ಸೇರುವುದೆಂಬುದು ನಿಂತಿದೆ. ಯಂತ್ರದೊಳಗೂ ಇಂತಹ ತೂಬುಗಳಿವೆ. ಅವು ಕಲ್ಲಿನವಲ್ಲ, ಅಂಕಿಗಳು. 2020ರಲ್ಲಿ ಬಂದ ಜಿಪಿಟಿ-3 ಎಂಬ ಯಂತ್ರದಲ್ಲಿ ಅಂತಹ ಅಂಕಿಗಳು 17,500 ಕೋಟಿ. ಮೊದಲಿಗೆ ಎಲ್ಲ ತೂಬುಗಳೂ ಮನಬಂದಂತೆ ತೆರೆದಿರುತ್ತವೆ. ಒಂದು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಒಳಗೆ ಬಿಡುತ್ತಾರೆ. ಬರಬೇಕಾದ ಪದ ಒಂದು, ಬಂದದ್ದು ಇನ್ನೊಂದು. ಎಷ್ಟು ತಪ್ಪಿತೆಂದು ಅಳೆದು, ಆ ತಪ್ಪು ಕಡಿಮೆಯಾಗುವಂತೆ ಪ್ರತಿಯೊಂದು ತೂಬನ್ನೂ ಕೂದಲೆಳೆಯಷ್ಟು ಏರಿಸುತ್ತಾರೆ ಇಲ್ಲವೆ ಇಳಿಸುತ್ತಾರೆ. ಇದನ್ನು ಮಾಡುವುದೂ ಗಣಕಯಂತ್ರವೇ. ಮತ್ತೊಂದು ವಾಕ್ಯ, ಮತ್ತೆ ತಿದ್ದುಪಡಿ. ಹೀಗೆ ಎಣಿಸಲಾರದಷ್ಟು ಸಲ ನಡೆದ ಮೇಲೆ ನೀರು ಬಹುಮಟ್ಟಿಗೆ ಸರಿಯಾದ ಗದ್ದೆಗೆ ಹೋಗತೊಡಗುತ್ತದೆ. ಅದಕ್ಕೆ ಶಿಕ್ಷಣವೆಂದು ಹೆಸರು. ಆ ಬಳಿಕ ಉತ್ತರಗಳನ್ನು ಮನುಷ್ಯರು ಓದಿ ಇದು ಮೇಲು, ಇದು ಕೀಳು ಎಂದು ಗುರುತಿಸುತ್ತಾರೆ. ಮೇಲೆಂದುದರ ಕಡೆಗೆ ತೂಬುಗಳನ್ನು ಮತ್ತೆ ತಿದ್ದುತ್ತಾರೆ. ಯಂತ್ರದ ಮಾತಿನಲ್ಲಿ ಕಾಣುವ ವಿನಯವೂ ಸೌಜನ್ಯವೂ ಹೀಗೆ ತಿದ್ದಿಸಿಕೊಂಡು ಬಂದವು.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಕಾಲುವೆಗೆ ನೀರು ಬಿಡದೆ ಯಾವ ಗದ್ದೆಗೂ ನೀರು ಹೋಗುವುದಿಲ್ಲ. ಯಾರೂ ಕೇಳದಿರುವಾಗ ಯಂತ್ರವು ಮೂಲೆಯಲ್ಲಿ ಕುಳಿತು ಯೋಚಿಸುವುದೂ ಇಲ್ಲ, ಸಂಚು ಹೂಡುವುದೂ ಇಲ್ಲ. ಅಲ್ಲಿರುವುದು ಸುಮ್ಮನೆ ನಿಂತ ಅಂಕಿಗಳು. ಎರಡನೆಯದಾಗಿ, ಓದಿದ ಗ್ರಂಥಗಳು ಕಪಾಟಿನಲ್ಲಿಟ್ಟಂತೆ ಅದರೊಳಗೆ ಇಲ್ಲ. ಹರಿದುಹೋದ ನೀರು ಕಾಲುವೆಯಲ್ಲಿ ಉಳಿಯದಂತೆ ಗ್ರಂಥಗಳೂ ಉಳಿಯವು. ಉಳಿಯುವುದು ಅವು ಹಾಯ್ದುಹೋದಾಗ ತಿದ್ದಿದ ತೂಬುಗಳ ಸ್ಥಿತಿ ಮಾತ್ರ. ನೂರಾರು ಪುಸ್ತಕಗಳಲ್ಲಿ ಮತ್ತೆ ಮತ್ತೆ ಅಚ್ಚಾದ ಬಸವಣ್ಣನವರ ಪ್ರಸಿದ್ಧ ವಚನವೊಂದನ್ನು ಕೇಳಿದರೆ ಅದು ಸರಿಯಾಗಿ ಒಪ್ಪಿಸಬಹುದು, ಏಕೆಂದರೆ ಆ ಜಾಡು ಆಳವಾಗಿ ಬಿದ್ದಿದೆ. ದೊರೆತಿರುವ ವಚನಗಳೇ ಕೆಲವಾಗಿರುವ ಆಯ್ದಕ್ಕಿ ಲಕ್ಕಮ್ಮನವರ ವಚನವನ್ನೋ ನುಲಿಯ ಚಂದಯ್ಯನವರ ವಚನವನ್ನೋ ಕೇಳಿದರೆ ಜಾಡು ತೆಳುವಾಗಿರುತ್ತದೆ. ಆದರೂ ಯಂತ್ರ ನಿಲ್ಲುವುದಿಲ್ಲ. ಮುಂದಿನ ಪದ ಯಾವುದೆಂದು ಲೆಕ್ಕ ಹಾಕುವುದೇ ಅದರ ಕೆಲಸವಾದುದರಿಂದ, ವಚನದಂತೆ ಕೇಳುವ ಸಾಲುಗಳನ್ನು ಹೊಸೆದು, ಕೊನೆಗೊಂದು ಅಂಕಿತವನ್ನು ಅಂಟಿಸಿ, ಅದೇ ವಿನಯದಿಂದ ಮುಂದಿಡುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳು ನಿಜವಾಗಿ ಅಂಜಬೇಕಾದ ಸ್ಥಳ ಇದು. ಯಂತ್ರ ಸುಳ್ಳು ಹೇಳಿತೆನ್ನುವುದು ಸರಿಯಾಗದು. ಸುಳ್ಳು ಹೇಳಲು ನಿಜ ತಿಳಿದಿರಬೇಕಷ್ಟೆ. ಸರಿಯುತ್ತರವನ್ನೂ ತಪ್ಪುತ್ತರವನ್ನೂ ಅದು ಒಂದೇ ಕ್ರಮದಿಂದ ತಯಾರಿಸುತ್ತದೆ, ಒಂದೇ ಧೈರ್ಯದಿಂದ ಹೇಳುತ್ತದೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಿಂದಿನ ತೀರ್ಪುಗಳನ್ನು ನಂಬಿ ನ್ಯಾಯಾಲಯಕ್ಕೆ ಸಲ್ಲಿಸಿದರು. ಅಂತಹ ತೀರ್ಪುಗಳೇ ಇರಲಿಲ್ಲವೆಂದು ತಿಳಿದು ನ್ಯಾಯಾಧೀಶರು 5,000 ಡಾಲರ್ ದಂಡ ವಿಧಿಸಿದರು. ಮೊಕದ್ದಮೆಯ ಹೆಸರು, ಸಂಖ್ಯೆ, ವಾಕ್ಯಗಳ ಧಾಟಿ ಎಲ್ಲವೂ ತೀರ್ಪಿನಂತೆಯೇ ಇದ್ದವು. ವಚನದ ವಿಷಯದಲ್ಲಿ ದಂಡ ವಿಧಿಸುವ ನ್ಯಾಯಾಲಯವಿಲ್ಲ. ಹುಸಿ ವಚನವೊಂದು ಮದುವೆಯ ಕರೆಯೋಲೆಗೆ ಏರಿ, ಅಲ್ಲಿಂದ ಸ್ಮರಣ ಸಂಚಿಕೆಗೆ, ಅಲ್ಲಿಂದ ಉಪನ್ಯಾಸಕ್ಕೆ, ಅಲ್ಲಿಂದ ಪ್ರಬಂಧಕ್ಕೆ ಸಾಗಿದರೆ ಹತ್ತು ವರ್ಷದಲ್ಲಿ ಅದನ್ನು ಹುಸಿಯೆಂದವರನ್ನೇ ಜನ ಸಂಶಯಿಸುವರು. ಮುಂದಿನ ಯಂತ್ರಗಳು ಆ ಬರಹಗಳನ್ನೇ ಓದಿ ಕಲಿಯುವುದರಿಂದ ಜಾಡು ಇನ್ನಷ್ಟು ಆಳವಾಗುವುದು.

ಯಂತ್ರಕ್ಕೆ ಕನ್ನಡದ ವಾಕ್ಯ ಹೇಗೆ ಕೈಕೊಡುತ್ತದೆ ಎಂಬುದಕ್ಕೆ ನಾಡಿನವರೆಲ್ಲ ಕಂಡ ಒಂದು ನಿದರ್ಶನವಿದೆ. 2025ರ ಜುಲೈ 14ರಂದು ಹಿರಿಯ ನಟಿ ಬಿ. ಸರೋಜಾದೇವಿಯವರು ನಿಧನರಾದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರ ಪಾರ್ಥಿವ ಶರೀರದ ದರ್ಶನ ಪಡೆದು ಅಂತಿಮ ನಮನ ಸಲ್ಲಿಸಿದ ಸಮಾಚಾರ ಮೆಟಾ ಸಂಸ್ಥೆಯ ಜಾಲತಾಣದಲ್ಲಿ ಕನ್ನಡದಲ್ಲಿ ಪ್ರಕಟವಾಯಿತು. ತಾಣದ ಯಂತ್ರ ಅದನ್ನು ತಾನಾಗಿಯೇ ಇಂಗ್ಲಿಷಿಗೆ ತಿರುಗಿಸಿ, ಮುಖ್ಯಮಂತ್ರಿಗಳೇ ನಿಧನರಾದರೆಂದು ಬರೆಯಿತು. ಮುಖ್ಯಮಂತ್ರಿಗಳ ಕಛೇರಿಯಿಂದ ಆಕ್ಷೇಪಣೆ ಹೋದ ಮೇಲೆ ಸಂಸ್ಥೆಯು ಕ್ಷಮೆ ಕೋರಿ ದೋಷವನ್ನು ಸರಿಪಡಿಸಿರುವುದಾಗಿ ತಿಳಿಸಿತು.

ವ್ಯಾಕರಣ ಬಲ್ಲವರಿಗೆ ಈ ತಪ್ಪಿನ ಮೂಲ ಕೂಡಲೇ ಹೊಳೆಯುತ್ತದೆ. ಕನ್ನಡದಲ್ಲಿ 'ನಿಧನರಾದ' ಎಂಬ ಕೃದಂತವು ತನ್ನ ಮುಂದೆ ಬರುವ ನಾಮಪದಕ್ಕೆ ವಿಶೇಷಣವಾಗುತ್ತದೆ. ಕರ್ತೃಪದವಾದ ಮುಖ್ಯಮಂತ್ರಿಗಳ ಹೆಸರು ವಾಕ್ಯದ ಮೊದಲಲ್ಲಿ, ಅದರ ಕ್ರಿಯಾಪದ ವಾಕ್ಯದ ಕಟ್ಟಕಡೆಯಲ್ಲಿ. ನಡುವೆ ನಟಿಯವರಿಗೆ ಸಲ್ಲುವ 'ನಿಧನರಾದ' ಎಂಬ ಮಾತು. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯೆ ಬರುವುದು ರೂಢಿ. ಆ ರೂಢಿಯಲ್ಲಿ ಹೆಚ್ಚಾಗಿ ಪಳಗಿದ ಯಂತ್ರವು ಹತ್ತಿರದಲ್ಲಿ ಸಿಕ್ಕ ಮಾತನ್ನು ಮೊದಲ ಹೆಸರಿಗೆ ಜೋಡಿಸಿರಬೇಕು. ಹಳೆಗನ್ನಡ ಪದ್ಯಕ್ಕೆ ಅನ್ವಯ ಹೇಳುವಾಗ ಅವಸರದ ವಿದ್ಯಾರ್ಥಿಗಳು ಮಾಡುವ ತಪ್ಪೇ ಇದು. ಪದಪದಗಳ ನಡುವಣ ಅನ್ವಯವನ್ನು ಅಳೆಯುವ ಒಂದು ಉಪಾಯ 2017ರಲ್ಲಿ ರೂಪುಗೊಂಡಿತು. ವಾಕ್ಯದಲ್ಲಿ ಯಾವ ಪದವು ಯಾವ ಪದದ ಕಡೆಗೆ ಎಷ್ಟು ಗಮನ ಕೊಡಬೇಕೆಂಬುದನ್ನು ಅದು ಲೆಕ್ಕ ಹಾಕುತ್ತದೆ. ಇಂದಿನ ಯಂತ್ರಗಳ ಚಾತುರ್ಯಕ್ಕೆ ಮುಖ್ಯ ಕಾರಣ ಅದೇ. ಆದರೂ ಅನ್ವಯದೋಷ ಸಂಭವಿಸುತ್ತದೆ. ಬದುಕಿರುವವರನ್ನು ಸತ್ತರೆಂದು ಹೇಳಿದ ತಪ್ಪು ಒಂದೆರಡು ದಿನಗಳಲ್ಲಿ ಬಯಲಿಗೆ ಬಂದಿತು. ವಚನವೊಂದರ ಅರ್ಥವನ್ನು ಹೀಗೆಯೇ ತಿರುಚಿದ್ದರೆ ಅದು ಎಷ್ಟು ವರ್ಷ ಉಳಿಯುತ್ತಿತ್ತೋ!

ಇಲ್ಲಿ ಒಂದು ಭೇದವನ್ನು ಮರೆಯಬಾರದು. ಗಣಕಯಂತ್ರದಲ್ಲಿ ದೊರೆಯುವುದೆಲ್ಲವೂ ಹೀಗೆ ಹೊಸೆದು ಕೊಟ್ಟದ್ದಲ್ಲ. ಸಂಡೂರಿನವರಾದ ಕಥೆಗಾರ ವಸುಧೇಂದ್ರ, ವಿಮರ್ಶಕ ಓ.ಎಲ್. ನಾಗಭೂಷಣಸ್ವಾಮಿ ಮತ್ತು ಅವರೊಡನೆ ತಂತ್ರಜ್ಞರು ಸೇರಿ ಕಟ್ಟಿದ 'ವಚನ ಸಂಚಯ'ವನ್ನು ನೋಡಬಹುದು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಅದು ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. 'ಬಯಲು' ಎಂಬ ಪದವನ್ನು ಕೊಟ್ಟರೆ ಅದು ಯಾವ ಯಾವ ಶರಣರ ಯಾವ ಯಾವ ವಚನಗಳಲ್ಲಿ ಬಂದಿದೆ ಎಂದು ತೋರಿಸುತ್ತದೆ. ಅದು ಪದಸೂಚಿ, ಇದ್ದುದನ್ನು ಹುಡುಕಿ ಕೊಡುತ್ತದೆ, ಇಲ್ಲದ್ದನ್ನು ಇಲ್ಲವೆನ್ನುತ್ತದೆ. ಮಾತನಾಡುವ ಯಂತ್ರವಾದರೋ ಇಲ್ಲವೆನ್ನುವುದನ್ನು ಕಷ್ಟಪಟ್ಟು ಕಲಿಯಬೇಕಾಗಿದೆ. ಹೊರಗಿನಿಂದ ನೋಡುವವರಿಗೆ ಎರಡೂ ಮೊಬೈಲಿನೊಳಗಿನ ಅಕ್ಷರಗಳೇ. ಒಂದರ ಹಿಂದೆ ಗ್ರಂಥವಿದೆ, ಇನ್ನೊಂದರ ಹಿಂದೆ ತೂಬುಗಳಿವೆ. ಇತ್ತೀಚಿನ ಕೆಲವು ಯಂತ್ರಗಳು ಉತ್ತರದೊಡನೆ ಆಕರವನ್ನೂ ಸೂಚಿಸುತ್ತವೆ. ಆ ಆಕರವನ್ನು ತೆರೆದು ನೋಡುವ ತಾಳ್ಮೆಯಿದ್ದರೆ ಅದು ಪ್ರಯೋಜನಕಾರಿ.

ವಚನವು ನಿಜವಾದುದೆ ಎಂದು ಪರೀಕ್ಷಿಸುವ ವಿದ್ಯೆ ಈ ಪರಂಪರೆಗೆ ಹೊಸದಲ್ಲ. ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಡವಾಲೆಗಳನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಪಾಠಾಂತರಗಳನ್ನು ಒಂದಕ್ಕೊಂದು ಹೋಲಿಸಿ ನೋಡುವ ಕೆಲಸ ಅಂದಿನಿಂದ ಮುಂದುವರಿದು, ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿದ 15 ಸಂಪುಟಗಳ 'ಸಮಗ್ರ ವಚನ ಸಂಪುಟ'ದವರೆಗೆ ಬಂದಿತು. ಯಂತ್ರ ಕೊಟ್ಟ ವಚನವನ್ನು ಕಂಡವರು ಮೊದಲು ಆ ಸಂಪುಟಗಳ ಅಕಾರಾದಿಯಲ್ಲಿ ಅದರ ಮೊದಲ ಸಾಲನ್ನು ಹುಡುಕಬೇಕು. ಅಂಕಿತವು ಹೇಳಿದ ಶರಣರದೇ ಹೌದೋ ಎಂದು ನೋಡಬೇಕು. ಅಂಬಿಗರ ಚೌಡಯ್ಯನವರಂತೆ ತಮ್ಮ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡವರಿಗೆ ಬೇರೊಂದು ಅಂಕಿತ ಅಂಟಿಸಿದ್ದರೆ ಅಲ್ಲಿಯೇ ಗುಟ್ಟು ರಟ್ಟಾಗುತ್ತದೆ. ಬಳಿಕ ಪದಗಳ ವಯಸ್ಸನ್ನು ವಿಚಾರಿಸಬೇಕು. ಹನ್ನೆರಡನೆಯ ಶತಮಾನದ ಶರಣರ ಬಾಯಲ್ಲಿ 'ಜವಾಬ್ದಾರಿ' ಎಂಬ ಪದ ಬಂದಿದ್ದರೆ ಮುಂದೆ ಹುಡುಕುವ ಶ್ರಮವೂ ಬೇಕಿಲ್ಲ. ಓದಿದ್ದು ವ್ಯರ್ಥವಾದೀತೆಂದು ಚಿಂತಿಸುವ ವಿದ್ಯಾರ್ಥಿಗಳಿಗೆ ಈ ಕೆಲಸದಲ್ಲಿಯೇ ಉತ್ತರವಿದೆ: ಯಂತ್ರಗಳು ಹೆಚ್ಚಿದಷ್ಟೂ ಪಾಠ ಬಲ್ಲವರ ಅಗತ್ಯ ಹೆಚ್ಚುತ್ತದೆ.

ಹಾಗಾದರೆ ಹಂಪಿಯಲ್ಲಿ ಪ್ರೌಢದೇವರಾಯನ ಕಾಲದ ವಿರಕ್ತರು ಮಾಡಿದ್ದೇನು, ಅವರೂ ಹಿಂದಿನವರ ವಚನಗಳನ್ನು ಕೂಡಿಸಿ ಜೋಡಿಸಿದವರೇ ಅಲ್ಲವೆ ಎಂದು ಚತುರರು ಕೇಳಬಹುದು. ಪ್ರಶ್ನೆ ಒಳ್ಳೆಯದು. ಹದಿನೈದನೆಯ ಶತಮಾನದ ಆ ಸಂಕಲನದ ಸುಗ್ಗಿಯಲ್ಲಿ ವಚನಗಳು ಸ್ಥಲಕ್ಕನುಸಾರವಾಗಿ ವಿಂಗಡಣೆಗೊಂಡವು. ಶಿವಗಣಪ್ರಸಾದಿ ಮಹಾದೇವಯ್ಯನವರು ಬೇರೆ ಬೇರೆ ಶರಣರ ವಚನಗಳನ್ನು ಸಂವಾದರೂಪವಾಗಿ ಹೊಂದಿಸಿ ಶೂನ್ಯಸಂಪಾದನೆಯನ್ನು ರಚಿಸಿದರು. ಅವರ ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ಜೋಡಣೆ ಅವರದು, ನಡುವಣ ಗದ್ಯವೂ ಅವರದು. ಆದರೆ ಒಬ್ಬರ ವಚನಕ್ಕೆ ಒಬ್ಬರ ಅಂಕಿತ ಉಳಿಯಿತು, ಜೋಡಿಸಿದವರು ತಮ್ಮ ಹೆಸರಿಟ್ಟು ಹೊಣೆ ಹೊತ್ತರು, ಹಿಂದಿನವರ ಜೋಡಣೆ ಸರಿದೋರದಾಗ ಮುಂದಿನವರು ಚರ್ಚಿಸಿ ತಿದ್ದಿದರು. ಯಾವ ಮಾತಿಗೆ ಯಾರು ಹೊಣೆ ಎಂಬುದು ಓದುಗರಿಗೆ ತಿಳಿಯುತ್ತಿತ್ತು. ಯಂತ್ರದ ಉತ್ತರದಲ್ಲಿ ಸಾವಿರಾರು ಜನರ ಮಾತು ಕರಗಿ ಒಂದಾಗಿರುತ್ತದೆ. ಹೊಣೆ ಹೊರುವ ಹೆಸರಿಲ್ಲ. ಹೋಲಿಕೆ ಮುರಿಯುವುದು ಇಲ್ಲಿಯೇ.

ಗುರುವಿನ ಪೀಠದ ಪ್ರಶ್ನೆಗೆ ಹೆಚ್ಚು ಹೊತ್ತು ಬೇಕಿಲ್ಲ. ದೀಕ್ಷೆಯು ಹಸ್ತಮಸ್ತಕ ಸಂಯೋಗದಿಂದ ಆಗತಕ್ಕದ್ದು. ಯಂತ್ರಕ್ಕೆ ಹಸ್ತವಿಲ್ಲ, ಶಿಷ್ಯನ ನಡೆಯನ್ನು ಕಂಡು ಮರುಗುವ ಅಂತಃಕರಣ ಅದರ ಲೆಕ್ಕಾಚಾರದಲ್ಲಿ ಎಲ್ಲಿಯೂ ಬರುವುದಿಲ್ಲ. ಮಡಿವಾಳ ಮಾಚಯ್ಯನವರ ಮಾತಿನ ಹಿಂದೆ ಬಟ್ಟೆ ಒಗೆದ ಕೈಗಳಿವೆ. ಚೌಡಯ್ಯನವರ ಮಾತಿನ ಹಿಂದೆ ಹೊಳೆಯ ಸೆಳವನ್ನು ಅರಿತ ತೋಳುಗಳಿವೆ. ಹೊಳೆ, ಹರಗೋಲು, ಹುಟ್ಟು ಎಂಬ ಪದಗಳನ್ನು ಯಂತ್ರ ಸೊಗಸಾಗಿ ಹೊಂದಿಸಬಲ್ಲುದು. ತುಂಗಭದ್ರೆಯಲ್ಲಿ ಒಮ್ಮೆಯೂ ಹರಗೋಲು ಹಾಕಿದ್ದಿಲ್ಲ. ಕುರುಹು ಅದರಲ್ಲಿದೆ. ಅರಿವು ಇದೆಯೆನ್ನಲು ಅದು ನಡೆಯುವ ಬಗೆಯಲ್ಲಿ ಯಾವ ಆಧಾರವೂ ಕಾಣದು. ಹಾಗಿದ್ದರೂ ಮನುಷ್ಯರು ಬೇಗನೆ ಮರುಳಾಗುತ್ತಾರೆ. 1966ರಲ್ಲಿ ವೈಜೆನ್‌ಬಾಮ್ ಎಂಬ ವಿಜ್ಞಾನಿಯು ಕೇಳಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವ ಒಂದು ಸರಳ ಕಾರ್ಯಕ್ರಮವನ್ನು ಪ್ರಕಟಿಸಿದನು. ಅದು ಬರಿಯ ತಂತ್ರವೆಂದು ಬಲ್ಲ ಅವನ ಕಾರ್ಯದರ್ಶಿಯೇ ಅದರೊಡನೆ ಏಕಾಂತದಲ್ಲಿ ಮಾತನಾಡಬೇಕೆಂದು ಅವನನ್ನು ಕೋಣೆಯಿಂದ ಹೊರಗೆ ಹೋಗಹೇಳಿದಳಂತೆ!

ಅಂದ ಮಾತ್ರಕ್ಕೆ ಅಂಜಿಕೆಗೆ ಕಾರಣವೇ ಇಲ್ಲವೆಂದು ಹೇಳುವುದು ಪ್ರಾಮಾಣಿಕವಾಗದು. ಈ ವಿದ್ಯೆಯ ಮೂಲಪುರುಷರಲ್ಲೊಬ್ಬರಾದ ಜೆಫ್ರಿ ಹಿಂಟನ್ ಅವರು 2023ರ ಮೇ ತಿಂಗಳಲ್ಲಿ ಗೂಗಲ್ ಸಂಸ್ಥೆಯನ್ನು ಬಿಟ್ಟು, ಅದರ ಅಪಾಯಗಳ ಬಗೆಗೆ ಬಹಿರಂಗವಾಗಿ ಎಚ್ಚರಿಸತೊಡಗಿದರು. ಮರುವರ್ಷ ಅವರಿಗೆ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವೂ ಬಂದಿತು. ಬಂಧುಗಳ ಧ್ವನಿಯನ್ನು ಅನುಕರಿಸಿ ಹಣ ಕೇಳುವ ವಂಚನೆ ನಡೆದಿದೆ. ಅಂತಹ ಕರೆ ಬಂದಾಗ ಫೋನಿಟ್ಟು, ತಮ್ಮಲ್ಲಿರುವ ಸಂಖ್ಯೆಗೆ ತಾವೇ ಕರೆ ಮಾಡಿ ವಿಚಾರಿಸುವುದು ಉಚಿತ. ಕರಡು ಬರೆಯುವ, ಅನುವಾದಿಸುವ ಕೆಲಸಗಳಿಗೆ ಪೆಟ್ಟು ಬೀಳುವುದು ನಿಶ್ಚಯ. ಇತ್ತೀಚೆಗೆ ಕಡತಗಳನ್ನು ತೆರೆಯುವ, ಪತ್ರ ಕಳುಹಿಸುವ, ಹಣ ಪಾವತಿ ಮಾಡುವ ಅಧಿಕಾರವನ್ನೂ ಯಂತ್ರಕ್ಕೆ ಒಪ್ಪಿಸುವ ರೂಢಿ ಬೆಳೆಯುತ್ತಿದೆ. ಅಲ್ಲಿ ಅಧಿಕಾರ ಕೊಟ್ಟವರು ಯಾರು, ಎಷ್ಟಕ್ಕೆ ಕೊಟ್ಟರು, ಹಿಂದಕ್ಕೆ ಪಡೆಯಲು ಬರುತ್ತದೆಯೇ ಎಂಬುದನ್ನು ಕೇಳಲೇಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯಲ್ಲಿ ನಡೆದುದನ್ನು ಹೊಸಪೇಟೆ, ಕಂಪ್ಲಿಗಳ ಜನ ಮರೆತಿರಲಾರರು. 33 ತೂಬುಬಾಗಿಲುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಬಾಗಿಲೇ ಕೊಚ್ಚಿಹೋಯಿತು. ಕಟ್ಟೆಯೇ ಹೋದೀತೆಂದು ಅಂಜಿದವರು ಮೂಟೆ ಕಟ್ಟಿಕೊಳ್ಳುವ ಯೋಚನೆಯಲ್ಲಿದ್ದರೆ, ಬಲ್ಲವರು ಬೇರೆ ರೀತಿಯಲ್ಲಿ ಅಂಜಿದರು: ಎಷ್ಟು ನೀರು ಹೊರಗೆ ಹೋಗುತ್ತಿದೆ, ಉಳಿದ ಬಾಗಿಲುಗಳನ್ನು ಎಷ್ಟು ತೆರೆದರೆ ಭಾರ ಸಮವಾಗುತ್ತದೆ, ಕೆಳಗಿನ ಊರುಗಳಿಗೆ ಹೇಗೆ ತಿಳಿಸುವುದು. ಒಂದು ವಾರದೊಳಗೆ ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನಿಳಿಸಿ ಆ ಬಾಯನ್ನು ಮುಚ್ಚಲಾಯಿತು. ಅಂಜಿಕೆ ಇಬ್ಬರಿಗೂ ಇತ್ತು. ಮುರಿದದ್ದು ಸರಪಳಿ ಎಂಬುದು ತಿಳಿದಿದ್ದವರಿಗೆ ಕೈಗೆ ಕೆಲಸ ದೊರೆಯಿತು.

ವಚನಸಾಹಿತ್ಯದಲ್ಲಿ ಅಂತಹ ಕೆಲಸವೊಂದು ಕಾದು ಕುಳಿತಿದೆ. ಅನೇಕ ಮಠಗಳಲ್ಲಿ, ಮನೆಗಳ ಅಟ್ಟಗಳಲ್ಲಿ ಇನ್ನೂ ಬಿಚ್ಚದ ಓಲೆಗರಿಯ ಕಟ್ಟುಗಳಿವೆ. 2025ರ ಕೇಂದ್ರ ಆಯವ್ಯಯದಲ್ಲಿ ಸಾರಿದ 'ಜ್ಞಾನ ಭಾರತಂ' ಯೋಜನೆಯು ದೇಶದ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆಯ ಗುರಿ ಇಟ್ಟುಕೊಂಡಿದೆ. ಓಲೆಯ ಛಾಯಾಚಿತ್ರದಿಂದ ಅಕ್ಷರಗಳನ್ನು ಗುರುತಿಸಿ ಕೊಡುವುದರಲ್ಲಿ ಈ ಯಂತ್ರಗಳು ನೆರವಾಗಬಲ್ಲವು. ಆದರೆ ಓಲೆಯ ಬರಹದಲ್ಲಿ ಪದಗಳ ನಡುವೆ ತೆರಪಿಲ್ಲ. ಒಬ್ಬೊಬ್ಬ ಲಿಪಿಕಾರನ ಕೈ ಒಂದೊಂದು ತೆರ. ಅಲ್ಪಪ್ರಾಣ ಮಹಾಪ್ರಾಣಗಳು ಕಲೆತುಹೋಗಿರುತ್ತವೆ. ಹುಳು ತಿಂದ ತೂತು ಅನುಸ್ವಾರದಂತೆ ಕಾಣುತ್ತದೆ. ಸೊನ್ನೆಯೋ ತೂತೋ ಎಂಬುದನ್ನು ಮೊದಲು ಬಲ್ಲವರು ಓದಿ ತೋರಿಸಬೇಕು. ಅವರು ನೂರಾರು ಗರಿಗಳನ್ನು ಓದಿ ಬರೆದುಕೊಟ್ಟರೆ ಅದರಿಂದ ಯಂತ್ರ ಕಲಿತು ಸಾವಿರಾರು ಗರಿಗಳ ಕರಡನ್ನು ಮುಂದಿಡುವುದು; ಆ ಕರಡನ್ನು ಮತ್ತೆ ಅವರೇ ಓಲೆಯೊಡನೆ ಹೋಲಿಸಿ ತಿದ್ದಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಶಾಸ್ತ್ರಕ್ಕೆಂದೇ ಒಂದು ವಿಭಾಗವಿದೆ. ಮನೆಯಲ್ಲಿ ಓಲೆಕಟ್ಟುಗಳಿರುವ ಭಕ್ತರು ಅವನ್ನು ಪೂಜೆಯ ಮಾಡದಲ್ಲಿಯೇ ಬಿಡದೆ, ದಾರವನ್ನು ತಾವಾಗಿ ಬಿಚ್ಚಿ ಗರಿಗಳನ್ನು ಮುರಿಯದೆ, ಅಲ್ಲಿಯ ವಿದ್ವಾಂಸರಿಗಾಗಲಿ ಸಮೀಪದ ಮಠಕ್ಕಾಗಲಿ ಒಮ್ಮೆ ತೋರಿಸಬಹುದು. ನೀಡಲು ಮನಸ್ಸಿಲ್ಲದಿದ್ದರೆ ಛಾಯಾಚಿತ್ರ ತೆಗೆಸಿಕೊಂಡು ಮೂಲವನ್ನು ಮನೆಗೆ ಮರಳಿ ತರಬಹುದು.